ಹಾಳಾದ ಜೆರಾಕ್ಸು

"ಆಧಾರ್ ಕೊಡಿ ಆಂಟಿ" ಅಂತಾಳೆ ಕೌಂಟರಿನ ಹುಡುಗಿ,
ಮುಖ ಎತ್ತದೆ.
ಚಾಮರಾಜಪೇಟೆಯ ಸ್ಕ್ಯಾನ್ ಸೆಂಟರು, ಬೆಳಗಿನ ಏಳೂಕಾಲು,
ಟೋಕನ್ನು ಹದಿನೇಳು.
ಬ್ಯಾಗಿನಲ್ಲೇ ಇದೆ,
ಹಾಲಿನ ಕಾರ್ಡಿಗೂ ತೀರಿಹೋದವರ ಬಸ್ ಪಾಸಿಗೂ ನಡುವೆ.
ಕೈ ಹೋಗಲಿಲ್ಲ.

ಇಪ್ಪತ್ತೆರಡು ವರ್ಷ ವಾಣಿವಿಲಾಸದ ಎದುರು
ಜೆರಾಕ್ಸ್ ಅಂಗಡಿ ನಡೆಸಿದವಳು ನಾನು.
ತಾಯಿ ಕಾರ್ಡು, ರೇಷನ್ ಕಾರ್ಡು, ಡಿಸ್ಚಾರ್ಜ್ ಚೀಟಿ,
ಆಮೇಲೆ ಆಧಾರು ಬಂತು, ಬಂದಮೇಲೆ ಬರೀ ಅದೇ.
ಹಿಂದೆ ಮುಂದೆ ಒಂದೇ ಹಾಳೆಯಲ್ಲಿ, ಎರಡು ರೂಪಾಯಿ.
ಹಸಿರು ಬೆಳಕು ಒಂದು ಸಲ ಹಾದರೆ ಸಾಕು,
ಹೆರಿಗೆ ವಾರ್ಡಿನ ಹೊರಗೆ ಬೆವರುತ್ತಿದ್ದ ಗಂಡಸು
ಬಿಸಿಬಿಸಿ ಕಾಗದವಾಗಿ ನನ್ನ ಕೈಗೆ ಬೀಳುತ್ತಿದ್ದ.

ಎಲ್ಲವೂ ಸರಿಯಾಗಿ ಬೀಳುತ್ತಿರಲಿಲ್ಲ.
ಓರೆ ಬಿದ್ದದ್ದು, ಟೋನರು ಮುಗಿದು ಮುಖ ಮಾಸಿದ್ದು.
ಮುಖ ಮಾಸಿದರೂ ನಂಬರು ಮಾಸುವುದಿಲ್ಲ, ಏನು ಮಾಯವೋ.
ಅವೆಲ್ಲ ಮೇಜಿನ ಕೆಳಗಿನ ರಟ್ಟಿನ ಡಬ್ಬಕ್ಕೆ.
ಶನಿವಾರ ಮುನಿಯಲ್ಲಪ್ಪ ಬಂದು ಎತ್ತಿಕೊಂಡು ಹೋಗುತ್ತಿದ್ದ,
ಬದಲಿಗೆ ಒಂದು ಸೇರು ಕಡಲೇಕಾಯಿ.
ಯಾರೂ ಕೇಳಲಿಲ್ಲ. ನನ್ನನ್ನು ನಾನೂ ಕೇಳಿಕೊಳ್ಳಲಿಲ್ಲ.

ಒಂದು ಸಂಜೆ ಬಸ್ಸು ಸಿರ್ಸಿ ಸರ್ಕಲ್ ದಾಟುವಾಗ
ಅವನದೇ ಪೊಟ್ಟಣ ಬಿಚ್ಚಿದ್ದೆ.
ಕೊನೆಯ ಕಾಳು ತಿಂದೆ, ತಳದಲ್ಲಿ ಒಬ್ಬ ಹೆಂಗಸು
ಉಪ್ಪಿನ ಪುಡಿಯ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದಳು.
ಹೆಸರು ಹರಿದುಹೋಗಿತ್ತು. ಉಳಿದದ್ದು
ಕೋಂ ಲೇಟ್ ಚಿಕ್ಕಮಾರಯ್ಯ, ಚೋಳೂರಪಾಳ್ಯ, ಮೂರನೇ ಅಡ್ಡರಸ್ತೆ,
ಹುಟ್ಟಿದ ವರ್ಷ ನನ್ನದೇ.
ಹನ್ನೆರಡು ಅಂಕಿಯೂ ಇತ್ತು, ಒಂದೂ ಮುಕ್ಕಾಗದೆ.

ಸಿಪ್ಪೆ ಎಸೆದೆ. ಕಾಗದ ಎಸೆಯಲಾಗಲಿಲ್ಲ.
ಮಡಚಿ ರವಿಕೆಯೊಳಗೆ ಇಟ್ಟುಕೊಂಡೆ, ಎಡಗಡೆ,
ಈಗ ಗಂಟು ಇರುವ ಕಡೆ.

"ಕೊಟ್ಟರೆ ನಿಮ್ಮ ಗಂಟೇನು ಹೋಗುತ್ತೆ?"
ಸಾಲಿನಲ್ಲಿ ಹಿಂದಿನವನ ಗೊಣಗು.
ಗಂಟು ಹೋಗಲಿ ಅಂತಲೇ ಬಂದಿದ್ದೇನಪ್ಪ.
ಒಳಗೆ ಹೋದರೆ ಸೆರಗು ತೆಗೆಯುತ್ತೇನೆ,
ತಣ್ಣನೆಯ ತಟ್ಟೆಯ ಮೇಲೆ ಎದೆ ಇಡುತ್ತೇನೆ,
ಗುರುತಿಲ್ಲದವಳು ಅದುಮಿ "ಉಸಿರು ಕಟ್ಟಿ" ಅಂದರೆ ಕಟ್ಟುತ್ತೇನೆ.
ಅದಕ್ಕೆ ನಾಚಿಕೆಯಿಲ್ಲ. ಅದು ಯಾಕೆ ಬೇಕು ಅಂತ ಗೊತ್ತು.
ಇದು ಯಾವ ಡಬ್ಬಕ್ಕೆ, ಯಾವ ಶನಿವಾರ?

"ಯಾಕಮ್ಮ ಬೇಕು?"
ಈಗ ಮುಖ ಎತ್ತಿದಳು. ಬ್ಯಾಡ್ಜಿನಲ್ಲಿ ತಬಸ್ಸುಮ್,
ಕಣ್ಣಲ್ಲಿ ನಿದ್ದೆ ಸಾಲದ ಕೆಂಪು.
"ಗೊತ್ತಿಲ್ಲ ಆಂಟಿ. ಸಿಸ್ಟಮ್ಮಲ್ಲಿ ಒಂದು ಕಾಲಮ್ ಇದೆ."
ಖಾಲಿ ಬಿಟ್ಟರೆ?
ಗಾಜಿನ ಕೋಣೆಯ ಮ್ಯಾನೇಜರು ಕಾಫಿಗೆ ಎದ್ದಿದ್ದ.
ಅತ್ತ ಒಂದು ಸಲ ನೋಡಿ ಎಂಟರ್ ಒತ್ತಿದಳು.

ಮುಂದಿನ ಪುಟ ತೆರೆಯಿತು.

"ಎರಡು ವರ್ಷದಿಂದ ಎಲ್ಲರ ಹತ್ತಿರ ಇಸ್ಕೋತಾ ಇದ್ದೀನಿ" ಅಂದಳು,
ನನಗಲ್ಲ, ಕೀಬೋರ್ಡಿಗೆ.
ಅವಳ ಕಾಲ ಬಳಿ ಒಂದು ರಟ್ಟಿನ ಡಬ್ಬ, ತುಂಬಿ ಬಾಯಿ ಬಿಟ್ಟಿತ್ತು.
ಗೆದ್ದೆ ಅಂತ ಅನ್ನಿಸಲಿಲ್ಲ ನನಗೆ.

ಹದಿನೇಳು ಕೂಗಿದರು.
ನನ್ನ ನಂಬರು ನನಗೆ ಬಾಯಿಗೆ ಬರುವುದಿಲ್ಲ, ಕಾರ್ಡು ನೋಡಬೇಕು.
ಚೋಳೂರಪಾಳ್ಯದವಳದ್ದು ಬರುತ್ತೆ.
ಇದ್ದಾಳೋ ಇಲ್ಲವೋ. ಅವಳಿಗೆ ನಾನು ಯಾರೆಂದು ಗೊತ್ತಿಲ್ಲ.
ತಟ್ಟೆ ತಣ್ಣಗೆ ಕಚ್ಚಿತು, ಉಸಿರು ಕಟ್ಟಿದೆ,
ಮನಸ್ಸಿನಲ್ಲೇ ಅವಳ ಅಂಕಿ ಒಂದೊಂದೇ ಹೇಳಿಕೊಂಡೆ.
ಒಂಬತ್ತನೆಯದಕ್ಕೆ ಬಂದಿದ್ದೆ,
"ಬಿಡಿ" ಅಂದಳು.